ಅಂಗೈಯಗಲದ ಹಳಿಯ ಮೇಲೆ ಉಗಿಬಂಡಿ

ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಸಂತೆಯಲ್ಲೋ, ಸುಬ್ರಹ್ಮಣ್ಯದ ಷಷ್ಠಿಯಲ್ಲೋ ತಗಡಿನ ಪುಟ್ಟ ದೋಣಿ ಕೊಂಡವರಿಗೆ ಉಗಿಯ ಶಕ್ತಿಯನ್ನು ಪರಿಚಯಿಸಬೇಕಾಗಿಲ್ಲ. ನಳಿಗೆಗೆ ನೀರು ತುಂಬಿ, ಒಳಗೆ ಎಣ್ಣೆಬತ್ತಿ ಹಚ್ಚಿ ಬಾಲ್ದಿಯಲ್ಲಿ ಬಿಟ್ಟರೆ ಅದು ‘ಟರ್ ಟರ್’ ಎನ್ನುತ್ತ ಸುತ್ತು ಹಾಕುತ್ತದೆ. ಹತ್ತು ನಿಮಿಷದಲ್ಲಿ ಎಣ್ಣೆ ಮುಗಿಯುತ್ತದೆ. ಎರಡು ದಿನದಲ್ಲಿ ತಗಡಿನ ಬೆಸುಗೆ ಬಿಡುತ್ತದೆ. ಅದೇ ಉಗಿಯನ್ನು ಹಳಿಯ ಮೇಲೆ ತಂದು, ಬೆಸುಗೆ ಬಿಡದಂತೆ ಎಂಜಿನ್ ಕಟ್ಟಿ, ಹತ್ತಾರು ವರ್ಷ ಓಡಿಸುವ ಹವ್ಯಾಸವೊಂದು ಜಗತ್ತಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ.

ಇದು ಅಂಗಡಿಯ ಆಟಿಕೆ ರೈಲಲ್ಲ. ಅದಕ್ಕೆ ಕೀಲಿಯೋ ವಿದ್ಯುತ್ತೋ ಬೇಕು. ಇದಕ್ಕೆ ಬೇಕಾದ್ದು ನೀರು, ಕಲ್ಲಿದ್ದಲು ಮತ್ತು ಬೆಂಕಿ. ಹಳಿಗಳ ನಡುವಿನ ಅಂತರ ಸಾಮಾನ್ಯವಾಗಿ ಮೂರೂವರೆ, ಐದು ಅಥವಾ ಏಳೂಕಾಲು ಇಂಚು. ಮೂರೂವರೆ ಇಂಚೆಂದರೆ ನಮ್ಮ ಅಂಗೈಯಗಲ. ಚಾಲಕ ಎಂಜಿನ್ನಿನ ಹಿಂದೆ ತಗ್ಗಾದ ಗಾಡಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಚಮಚದಷ್ಟು ದೊಡ್ಡ ಸಲಿಕೆಯಲ್ಲಿ ಕಲ್ಲಿದ್ದಲು ಹಾಕುತ್ತಾನೆ. ಅಂಥ ಎಂಜಿನ್ ಅವನನ್ನೂ ಅವನ ಹಿಂದೆ ಕುಳಿತವರನ್ನೂ ಎಳೆದುಕೊಂಡು ಹೋಗುತ್ತದೆ.

ನಮ್ಮ ಕಡೆಯ ರೈಲಿಗೂ ಉಗಿಗೂ ಇರುವ ಸಂಬಂಧ ವಿಚಿತ್ರವಾದದ್ದು. ಕಬಕ ಪುತ್ತೂರು, ಕಾಣಿಯೂರು, ಎಡಮಂಗಲ, ಕೋಡಿಂಬಾಳಗಳನ್ನು ಹಾದು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಘಟ್ಟ ಹತ್ತುವ ಹಾಸನ-ಮಂಗಳೂರು ಮಾರ್ಗ ಮೀಟರ್‌ಗೇಜಿನಲ್ಲಿ ಪೂರ್ಣಗೊಂಡದ್ದು 1979ರಲ್ಲಿ. ಆ ಹೊತ್ತಿಗೆ ದೇಶದಲ್ಲಿ ಉಗಿ ಎಂಜಿನ್ ತಯಾರಿಕೆ ನಿಂತೇಹೋಗಿತ್ತು. ಟೆಲ್ಕೋ ಕಂಪೆನಿ ಮೀಟರ್‌ಗೇಜಿನ ಕೊನೆಯ ವೈಪಿ ಎಂಜಿನ್ ಕಟ್ಟಿದ್ದು 1970ರಲ್ಲಿ, ಚಿತ್ತರಂಜನ್ ಕಾರ್ಖಾನೆಯ ಕೊನೆಯ ವೈಜಿ ಹೊರಬಂದದ್ದು 1972ರಲ್ಲಿ. ಬ್ರಾಡ್‌ಗೇಜಿನ ನಿತ್ಯದ ಉಗಿಬಂಡಿ 1995ರಲ್ಲಿ ನಿಂತಿತು. ನಮ್ಮ ಮೀಟರ್‌ಗೇಜ್ ಹಳಿಯನ್ನೂ ಕಿತ್ತು ಅಗಲ ಮಾಡಲಾಯಿತು. ಸುಳ್ಯ ಪೇಟೆಗಂತೂ ಇನ್ನೂ ರೈಲೇ ಬಂದಿಲ್ಲ. ಹೀಗಾಗಿ ಈ ಮೂರು ತಾಲ್ಲೂಕುಗಳ ಹುಡುಗರು ಉಗಿ ಎಂಜಿನ್ ಕೆಲಸ ಮಾಡುವುದನ್ನು ನೋಡಬೇಕಾದರೆ ನೀಲಗಿರಿಗೋ ಡಾರ್ಜಿಲಿಂಗಿಗೋ ಹೋಗಬೇಕು. ಇಲ್ಲವೇ ಒಂದನ್ನು ತಾವೇ ಕಟ್ಟಬೇಕು.

ಕಟ್ಟುವವರು ಮೊದಲು ತಿಳಿಯಬೇಕಾದ್ದು ಅದರ ಉಸಿರಾಟವನ್ನು. ಬೆಂಕಿಗೂಡಿನ ಬಿಸಿಗಾಳಿ ನೀರಿನ ನಡುವೆ ಹಾದುಹೋಗುವ ಕೊಳವೆಗಳ ಮೂಲಕ ಮುಂದಿನ ಹೊಗೆಗೂಡಿಗೆ ಬರುತ್ತದೆ. ಕಾದ ನೀರಿನ ಉಗಿ ಸಿಲಿಂಡರಿನಲ್ಲಿ ಪಿಸ್ಟನನ್ನು ತಳ್ಳಿ, ಬಳಿಕ ಚಿಮಣಿಯಿಂದ ರಭಸವಾಗಿ ಹೊರಬೀಳುತ್ತದೆ. ‘ಛಕ್ ಛಕ್’ ಎಂಬ ಸದ್ದು ಇದರದ್ದೇ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಕೇಳುತ್ತದೆ. ಹೀಗೆ ಹೋಗುವ ಉಗಿ ಹೊಗೆಯನ್ನೂ ಸೆಳೆದೊಯ್ಯುವುದರಿಂದ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಏರು ಹತ್ತುವಾಗ ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿ ಹೆಚ್ಚು ಉರಿಯುತ್ತದೆ. ಯಾವ ತಂತಿಯೂ ಇಲ್ಲದ ಈ ಏರ್ಪಾಡು ಚಿಕ್ಕ ಎಂಜಿನ್ನಿನಲ್ಲೂ ಹಾಗೆಯೇ ನಡೆಯುತ್ತದೆ.

ಆದರೆ ಅಳತೆ ಕುಗ್ಗಿಸಿದ ಮಾತ್ರಕ್ಕೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಮೀಟರ್‌ಗೇಜಿನ ವೈಪಿಯನ್ನು ಮೂರೂವರೆ ಇಂಚಿನ ಹಳಿಗೆ ತಂದರೆ ಅಳತೆ ಸುಮಾರು ಹನ್ನೊಂದರಲ್ಲಿ ಒಂದು. ಆಗ ಬಾಯ್ಲರಿನ ಹೊರಮೈ 121 ಪಟ್ಟು ಕಿರಿದಾಗುತ್ತದೆ, ಒಳಗಿನ ನೀರು 1331 ಪಟ್ಟು ಕಡಿಮೆಯಾಗುತ್ತದೆ. ಲೆಕ್ಕ ಹಾಕಿದಾಗ ನನಗೂ ಅಚ್ಚರಿಯಾಯಿತು: ಪ್ರತಿ ಲೀಟರ್ ನೀರಿಗೆ ಶಾಖ ಕಳೆದುಕೊಳ್ಳುವ ಮೈ ಹನ್ನೊಂದು ಪಟ್ಟು ಜಾಸ್ತಿ. ಈ ಕಾರಣಕ್ಕೇ ಚಿಕ್ಕ ಎಂಜಿನ್ ಕಲ್ಲಿದ್ದಲಿನಲ್ಲಿ ಮನುಷ್ಯರನ್ನು ಎಳೆಯಲಾರದು, ಸ್ಪಿರಿಟ್ ದೀಪವೇ ಗತಿ ಎಂದು ಇಂಗ್ಲೆಂಡಿನ ಅನೇಕ ತಯಾರಕರು ನಂಬಿದ್ದರು. 1920ರ ದಶಕದ ಆರಂಭದಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಅದಕ್ಕೆ ‘ಬಾಯ್ಲರುಗಳ ಕದನ’ ಎಂಬ ಹೆಸರೂ ಬಂತು. ಎಲ್‌ಬಿಎಸ್‌ಸಿ ಎಂಬ ಅಕ್ಷರಗಳ ಮರೆಯಲ್ಲಿ ಬರೆಯುತ್ತಿದ್ದ ಮಾಜಿ ರೈಲ್ವೆ ಕೆಲಸಗಾರನೊಬ್ಬ, ಬರೀ ಎರಡೂವರೆ ಇಂಚಿನ ಹಳಿಯ ‘ಆಯೇಷಾ’ ಎಂಬ ತನ್ನ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ಮನುಷ್ಯರನ್ನು ಎಳೆದು ತೋರಿಸಿದ. ನೀರಿನ ನಡುವೆ ಕೊಳವೆಗಳನ್ನು ಹಾಯಿಸಿದ್ದೇ ಅವನ ಗುಟ್ಟು. ಮುಂದೆ ದಶಕಗಳ ಕಾಲ ಅವನು ಮನೆಯ ಶೆಡ್ಡಿನಲ್ಲಿ ದುಡಿಯುವವರಿಗಾಗಿ ನಕ್ಷೆಗಳನ್ನು ಬರೆದ. ಹೊಸಬರಿಗೆಂದು ಅವನು ಮಾಡಿದ ‘ಟಿಚ್’ ಎಂಬ ಪುಟ್ಟ ಎಂಜಿನ್ನನ್ನು ಇಂದಿಗೂ ಕಟ್ಟುವವರಿದ್ದಾರೆ.

ಚಾಸಿ, ಚಕ್ರ, ಸಿಲಿಂಡರುಗಳಿಗೆ ಬೇಕಾದ್ದು ಲೇತ್, ಡ್ರಿಲ್ ಮತ್ತು ತಾಳ್ಮೆ. ಪಂಪ್‌ಸೆಟ್ಟಿನ ಶಾಫ್ಟ್ ತಿರುವಿಕೊಡುವ ನಮ್ಮ ವರ್ಕ್‌ಶಾಪುಗಳಿಗೆ ಇದು ಹೊಸ ವಿದ್ಯೆಯಲ್ಲ. ನಿಜವಾದ ಕಷ್ಟ ಬಾಯ್ಲರಿನದ್ದು. ಬಚ್ಚಲಿನ ತಾಮ್ರದ ಹಂಡೆಗೆ ಎಷ್ಟು ಉರಿ ಹಾಕಿದರೂ ಭಯವಿಲ್ಲ, ಏಕೆಂದರೆ ಅದರ ಬಾಯಿ ತೆರೆದಿದೆ. ಈ ತಾಮ್ರದ ಪಾತ್ರೆಯ ಬಾಯಿ ಮುಚ್ಚಿದೆ. ಅಡುಗೆಮನೆಯ ಕುಕ್ಕರಿನ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡು. ಚಿಕ್ಕ ಎಂಜಿನ್ನಿನಲ್ಲಿ 80ರಿಂದ 100. ಆದ್ದರಿಂದ ಇದಕ್ಕೆ ಸಾಮಾನ್ಯ ಸೀಸದ ಬೆಸುಗೆ ಸಾಲದು, ಕೆಂಪಗೆ ಕಾಯಿಸಿ ಬೆಳ್ಳಿ ಬೆರೆತ ಬೆಸುಗೆ ಹಾಕಬೇಕು.

ಬೆಂಕಿ ಕಾಣುವ ಮೊದಲೇ ಬಾಯ್ಲರಿಗೆ ತಣ್ಣೀರು ತುಂಬಿಸಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡು ಪಟ್ಟು ಏರಿಸಿ ಪರೀಕ್ಷಿಸಬೇಕು. ಗಾಳಿ ತುಂಬಿಸಿ ನೋಡಿದರಾಗದೇ ಎಂದು ಕೇಳುವವರುಂಟು. ಖಂಡಿತ ಆಗದು. ನೀರು ಹೆಚ್ಚು ಅಮುಕಿಕೊಳ್ಳುವುದಿಲ್ಲ, ಬೆಸುಗೆ ಬಿಟ್ಟರೆ ನಾಲ್ಕು ಹನಿ ಚಿಮ್ಮಿ ಒತ್ತಡ ಇಳಿಯುತ್ತದೆ. ಅಮುಕಿದ ಗಾಳಿಯಾದರೆ ತಾಮ್ರದ ಚೂರುಗಳನ್ನು ಎಸೆಯುತ್ತದೆ.

ಈ ಪರೀಕ್ಷೆಗೆ ಒತ್ತಾಯ ಮಾಡಲು ಬಾಯ್ಲರ್ ಇನ್ಸ್‌ಪೆಕ್ಟರ್ ಬರುವುದಿಲ್ಲ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಬಂದ ಹೊಸ ಕಾಯ್ದೆಯೂ 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಯನ್ನು ಬಾಯ್ಲರೆಂದು ಎಣಿಸುವುದಿಲ್ಲ. ಮೂರೂವರೆ ಇಂಚಿನ ಎಂಜಿನ್ ಹಿಡಿಯುವುದು ಒಂದೆರಡು ಲೀಟರ್ ಅಷ್ಟೇ. ಹಿಂದೆ ಕುಳಿತುಕೊಳ್ಳುವ ಮಕ್ಕಳ ಜೀವ ಕಟ್ಟಿದವನ ಕೈಯಲ್ಲಿದೆ. ಬ್ರಿಟನ್ನಿನ ಹವ್ಯಾಸಿ ಸಂಘಗಳು ಒಬ್ಬ ಕಟ್ಟಿದ ಬಾಯ್ಲರನ್ನು ಇನ್ನೊಬ್ಬ ಪರೀಕ್ಷಿಸಿ ಪತ್ರ ಕೊಡುವ ಪದ್ಧತಿ ಇಟ್ಟುಕೊಂಡಿವೆ. ಇಲ್ಲಿ ಹೊಸದಾಗಿ ಕೈಹಾಕುವವರು ನಕ್ಷೆಗಿಂತ ಮೊದಲು ಈ ಪದ್ಧತಿಯನ್ನು ತರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಓಡಿಸುವಾಗಲೂ ಕಣ್ಣು ನೀರಿನ ಮಟ್ಟ ತೋರಿಸುವ ಗಾಜಿನ ಮೇಲಿರಬೇಕು. ಬೆಂಕಿಗೂಡಿನ ನೆತ್ತಿ ನೀರಿನಿಂದ ಹೊರಬಂದರೆ ಬೆಸುಗೆ ಕರಗುವುದಕ್ಕೆ ಹೆಚ್ಚು ಹೊತ್ತು ಬೇಡ. ಹಳಿ ಹಾಕುವವರಿಗೆ ನಮ್ಮ ತೋಟಗಳ ಇಳಿಜಾರೂ ಒಂದು ಸಮಸ್ಯೆ. ಘಟ್ಟದ ರೈಲುಮಾರ್ಗದ ಏರು ಐವತ್ತಕ್ಕೆ ಒಂದು. ಅಷ್ಟೇ ಏರನ್ನು ತೋಟದಲ್ಲಿ ಕೊಟ್ಟರೂ ಪುಟ್ಟ ಎಂಜಿನ್ ಸಮತಟ್ಟಿನಲ್ಲಿ ಎಳೆಯುವುದರ ಎರಡು ಮೂರು ಪಟ್ಟು ಬಲ ಹಾಕಬೇಕು.

ನೀರಿನ ವಿಷಯದಲ್ಲಿ ಮಾತ್ರ ನಾವು ಪುಣ್ಯವಂತರು. ಗಡಸು ನೀರು ಕೊಳವೆಗಳಿಗೆ ಸುಣ್ಣದ ಪದರ ಕಟ್ಟಿಸುತ್ತದೆ. ಹಂಚಿನ ಮಾಡಿನಿಂದ ಹಿಡಿದಿಟ್ಟ ಮಳೆನೀರಿಗೆ ಆ ದೋಷವಿಲ್ಲ. ಆದರೆ ಅದೇ ಮಳೆಗಾಲ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಆದ್ದರಿಂದ ಓಟ ಮುಗಿದ ದಿನವೇ ಬೂದಿ ತೆಗೆದು, ಒತ್ತಡ ಸ್ವಲ್ಪ ಉಳಿದಿರುವಾಗಲೇ ಬಾಯ್ಲರಿನ ನೀರನ್ನು ಕೆಸರಿನ ಸಮೇತ ಹೊರಬಿಡಬೇಕು. ಕೊಳವೆಗಳ ಮಸಿ ಬ್ರಷ್‌ನಿಂದ ತೆಗೆದು, ಸಿಲಿಂಡರಿಗೆ ದಪ್ಪ ಎಣ್ಣೆ ಬಿಟ್ಟು, ಚಕ್ರವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಒಣಗಿದ ಜಾಗದಲ್ಲಿ ಇಡಬೇಕು.

ದೀಪಾವಳಿಯ ಹೊತ್ತಿಗೆ ಮಳೆ ಬಿಟ್ಟ ಮೇಲೆ ಎಂಜಿನ್ ಮತ್ತೆ ಹೊರಬರಬಹುದು. ಮೊದಲು ತಣ್ಣೀರಿನ ಪರೀಕ್ಷೆ. ಆಮೇಲೆ ಗೆರಟೆಯ ಇದ್ದಿಲನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಚ್ಚಿ, ಅದು ಕೆಂಡವಾದ ಮೇಲೆ ಕಲ್ಲಿದ್ದಲು ಚೆಲ್ಲುತ್ತಾ ಹೋದರೆ ಹತ್ತಿಪ್ಪತ್ತು ನಿಮಿಷದಲ್ಲಿ ಒತ್ತಡದ ಮುಳ್ಳು ಮೇಲೇಳುತ್ತದೆ. ಸುರಕ್ಷಾ ಕವಾಟ ಬುಸ್ಸೆಂದಾಗ ಗಾಜಿನಲ್ಲಿ ನೀರು ಇನ್ನೊಮ್ಮೆ ನೋಡಿಕೊಂಡು ಬಂಡಿ ಬಿಡಬಹುದು.