ಗೋಡೆಯ ಕಪಾಟು, ಸೊಸೆಯ ಪೆಟ್ಟಿಗೆ

ಚಿಕ್ಕೋಡಿ, ಅಥಣಿಗಳ ಕಡೆಯಲ್ಲಿ ಹಳೆಯ ಮನೆಯೊಂದನ್ನು ಕೆಡಹುವ ಸುದ್ದಿ ಹಬ್ಬಿತೆಂದರೆ, ಅಲ್ಲಿಗೆ ಮೊದಲು ಬಂದು ನಿಲ್ಲುವವನು ಗೌಂಡಿಯಲ್ಲ, ಹಳೆಯ ಮರ ಕೊಳ್ಳುವ ವ್ಯಾಪಾರಿ. ಅವನ ಕಣ್ಣು ತೊಲೆ ಕಂಬಗಳ ಮೇಲೆ ಹರಿದು, ಬಾಗಿಲವಾಡದ ಕೆತ್ತನೆಯ ಮೇಲೆ ಕ್ಷಣಕಾಲ ನಿಂತು, ಕೊನೆಗೆ ಒಳಮನೆಯ ಗೋಡೆಯ ಕಪಾಟಿನಲ್ಲಿಯೂ ಮೂಲೆಯ ಪೆಟ್ಟಿಗೆಯಲ್ಲಿಯೂ ನೆಡುತ್ತದೆ. ಚೌಕಾಶಿ ನಡೆದು ಸಂಜೆಯೊಳಗೆ ಸಾಮಾನು ಟೆಂಪೋ ಏರುತ್ತದೆ. “ಎಷ್ಟ ತೂಕ ಐತಿ ಅಂತ ಕೇಳಿದ ನೋಡ ತಮ್ಮಾ, ಆಯೀ, ಇದರಾಗ ಏನ ಇಡತಿದ್ದಿರಿ ಅಂತ ಕೇಳಲಿಲ್ಲ” ಎಂದು ಪಡಸಾಲೆಯಲ್ಲಿ ಕುಳಿತ ಮುದುಕಿ ನಿಟ್ಟುಸಿರಿಡುತ್ತಾಳೆ.

ಕೆಲವು ತಿಂಗಳು ಕಳೆದ ಮೇಲೆ ಅದೇ ಪೆಟ್ಟಿಗೆ ದೂರದ ನಗರವೊಂದರ ದಿವಾನಖಾನೆಯಲ್ಲಿ ಮೆರುಗೆಣ್ಣೆ ಬಳಿಸಿಕೊಂಡು, ಮೇಲೊಂದು ಗಾಜಿನ ಹಲಗೆ ಹೊತ್ತು, ಚಹದ ಮೇಜಾಗಿ ನಿಂತಿರುತ್ತದೆ. ‘ಆಂಟಿಕ್’ ಎಂಬುದು ಅದರ ಹೊಸ ಹೆಸರು. ಹಳೆಯ ಹೆಸರೇನು, ಅದರ ಕೀಲಿಕೈ ಯಾರ ಬಳಿ ಇತ್ತು, ಅದನ್ನು ತೆರೆಯುವ ಹಕ್ಕು ಯಾರಿಗಿತ್ತು ಎಂಬುದು ಕೊಂಡವನಿಗೂ ತಿಳಿಯದು, ಕೊಟ್ಟವನ ಮಕ್ಕಳಿಗೂ ತಿಳಿಯದು.

ಮಣ್ಣೇ ಮೊದಲ ಕಪಾಟು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನವು; ಕೃಷ್ಣೆ, ದೂಧಗಂಗೆ, ವೇದಗಂಗೆಯರು ಹರಿಯುವ ನಾಡು. ಇಲ್ಲಿಯ ಹೊಲದ ಬದುವಿನಲ್ಲಿ ಬೇವು, ಜಾಲಿ, ಮಾವು ಸಿಗುತ್ತಿದ್ದವೇ ಹೊರತು, ಒಳ್ಳೆಯ ಸಾಗವಾನಿಗೆ ಖಾನಾಪುರ, ಹಳಿಯಾಳಗಳ ಕಾಡನ್ನೇ ನಂಬಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೀರಜ, ಶೇಡಬಾಳ, ಕುಡಚಿ, ರಾಯಬಾಗಗಳ ಮೇಲೆ ಹಾಯ್ದು ಲೋಂಡಾಕ್ಕೆ ರೈಲು ಹಾಕಿದಾಗ ಕಾಡಿಗೂ ಬಯಲಿಗೂ ಕೊಂಡಿ ಬಿದ್ದಿತು. ಅದಕ್ಕೆ ಮುಂಚೆ ಮರ ದುಬಾರಿ, ಮಣ್ಣು ಅಗ್ಗ. ಆದ್ದರಿಂದ ಒಕ್ಕಲಿಗನ ಮನೆಯ ಮೊದಲ ಕಪಾಟು ಮಣ್ಣಿನದೇ ಆಯಿತು.

ಒಂದೂವರೆ, ಎರಡು ಮೊಳ ದಪ್ಪದ ಗೋಡೆಯನ್ನು ಎಬ್ಬಿಸುವಾಗಲೇ ಅಲ್ಲಲ್ಲಿ ಮಾಡಗಳನ್ನು ಬಿಡುತ್ತಿದ್ದರು. ತಲಬಾಗಿಲ ಮಗ್ಗುಲಿಗೆ ದೀಪದ ಮಾಡ, ಒಲೆಯ ಹತ್ತಿರ ಉಪ್ಪು ಖಾರದ ಮಾಡ, ಬಚ್ಚಲಲ್ಲಿ ಸೀಗೆಪುಡಿಯ ಮಾಡ. ಕತ್ತಲಲ್ಲಿಯೂ ಕೈ ತಾನಾಗಿ ಅಲ್ಲಿಗೆ ಹೋಗಬೇಕು, ಆ ಎತ್ತರಕ್ಕೆ ಅವು. ಹಾಲು ಮೊಸರು ಬೆಕ್ಕಿಗೆ ಎಟುಕದಂತೆ ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ತೂಗುತ್ತಿದ್ದವು. ಅಡಿಗೆಮನೆಯ ಮೂಲೆಯಲ್ಲಿ ಗಡಿಗೆಯ ಮೇಲೆ ಗಡಿಗೆ ಏರಿದ ಅಡಕಲು. ಕೆಳಗಿನದರಲ್ಲಿ ಕಾಳು, ಮೇಲಿನದರಲ್ಲಿ ಬೇಳೆ, ಯಾರೂ ಊಹಿಸದ ನಡುವಿನದರಲ್ಲಿ ಗೃಹಿಣಿಯ ಪುಡಿಗಾಸು. ಮರಾಠಿ ನೆರೆಹೊರೆಯವರು ಇದನ್ನೇ ಉತರಂಡ ಎನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ಉಗ್ರಾಣವು ಕಣ್ಣಿಗೇ ಬೀಳುತ್ತಿರಲಿಲ್ಲ. ನೆಲದೊಳಗೆ ತೋಡಿದ ಹಗೇವಿನ ತಳಕ್ಕೂ ಸುತ್ತಲಿಗೂ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಪ್ರಾಣವಾಯು ತೀರಿದ ಮೇಲೆ ಹುಳು ಬದುಕಲಾರದು. ಧಾನ್ಯ ವರ್ಷಗಟ್ಟಲೆ ಉಳಿಯುವುದು. ಅದೇ ಗಾಳಿ ಮನುಷ್ಯನಿಗೂ ಮೃತ್ಯು. ಆದ್ದರಿಂದ ಹಗೇವು ತೆರೆದೊಡನೆ ಒಳಗಿಳಿಯದೆ, ದೀಪವನ್ನು ಇಳಿಬಿಟ್ಟು ಅದು ಉರಿಯುವುದೋ ನಂದುವುದೋ ನೋಡುತ್ತಿದ್ದರು.

ಕದವೇ ಕಪಾಟು

ಮಾಡಕ್ಕೆ ಎರಡು ಮರದ ಕದ ಹಚ್ಚಿದರೆ ಅದು ಕಪಾಟು. ಸಂಸ್ಕೃತದಲ್ಲಿ ‘ಕಪಾಟ’ವೆಂದರೆ ಬಾಗಿಲ ಕದ. ಗೋಡೆಯೊಳಗೆ ಹುದುಗಿದ ಗೂಡಿನಲ್ಲಿ ಹೊರಗೆ ಕಾಣುವ ಭಾಗ ಕದವೊಂದೇ. ಆ ಹೆಸರು ಇಲ್ಲಿ ಎಷ್ಟು ಸಹಜವಾಗಿ ಹೊಂದುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪೋರ್ತುಗೀಜರ ನುಡಿಯಿಂದ ‘ಅಲಮಾರು’ ಬಂತು. ಅರಬ್ಬಿಯಿಂದ ‘ಸಂದೂಕ’ ಬಂತು. ಮರಾಠಿಯ ‘ಫಡತಾಳ’, ‘ಮಾಂಡಣಿ’ಗಳು ನೆರೆಯಿಂದ ಒಳಗೆ ಬಂದವು. ಗಡಿನಾಡಿನ ಒಳಮನೆ ಹೀಗೆ ಭಾಷೆಗಳ ಸಂತೆಯೂ ಆಗಿದೆ.

ದೊಡ್ಡ ವಾಡೆಗಳ ಮಾತು ಬೇರೆ. ನಿಪ್ಪಾಣಿಯ ದೇಸಾಯರ ವಾಡೆ, ಆಳಂದಿಯ ಜ್ಞಾನೇಶ್ವರ ಪಾಲಖಿಗೆ ವರ್ಷವರ್ಷವೂ ಕುದುರೆಗಳನ್ನು ಕಳಿಸುವ ಅಂಕಲಿಯ ಶಿತೋಳೆಯವರ ವಾಡೆ, ಇಂಥ ಮನೆತನಗಳ ವೈಭವ ಒಕ್ಕಲುಮನೆಗೆ ಎಟುಕುವಂಥದಲ್ಲ. ಆದರೂ ಸಾಮಾನ್ಯನ ಪಡಸಾಲೆಗೂ ಅದರದೇ ಶೃಂಗಾರವಿತ್ತು. ಗೂಟಗಳ ಮೇಲೆ ಉದ್ದಕ್ಕೆ ಹಾಯಿಸಿದ ಹಲಗೆ, ಅದರ ಮೇಲೆ ಎತ್ತರದ ಪ್ರಕಾರ ಸಾಲಾಗಿ ಹಿತ್ತಾಳೆ ತಾಮ್ರಗಳ ಕೊಡ, ತಂಬಿಗೆ, ಚರಿಗೆ, ಬೋಗುಣಿ. ಪಂಚಮಿ ದೀಪಾವಳಿಗಳಲ್ಲಿ ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ ಇಡೀ ಗೋಡೆ ಬೆಳಗುತ್ತಿತ್ತು. ಬಂದ ಬೀಗರು ಮನೆಯ ಅಂತಸ್ತನ್ನು ಅಳೆಯುತ್ತಿದ್ದುದೂ ಆ ಹಲಗೆಯಿಂದಲೇ. ಸ್ಟೀಲಿನ ಪಾತ್ರೆ ಬಂದ ಮೇಲೆ ಹಿತ್ತಾಳೆ ತೂಕಕ್ಕೆ ಹೋಯಿತು; ಹೊರಲು ಏನೂ ಇಲ್ಲದ ಹಲಗೆ ಒಲೆಗೆ ಹೋಯಿತು.

ಸೆರಗಿನ ಗಂಟಿನ ಕೀಲಿಕೈ

ಇವೆಲ್ಲವುಗಳಲ್ಲಿ ಒಂದೇ ಒಂದು ವಸ್ತು ಗೋಡೆಗೆ ಅಂಟದೆ, ಊರಿಂದ ಊರಿಗೆ ಬಂಡಿಯೇರಿ ಬರುತ್ತಿತ್ತು. ಅದು ಸೊಸೆಯ ಪೆಟ್ಟಿಗೆ. ಹಲಗೆಯ ತುದಿಗಳನ್ನು ಹಲ್ಲಿನಂತೆ ಕೊರೆದು ಒಂದರೊಳಗೊಂದು ಕೂಡಿಸಿ, ಮೂಲೆಗಳಿಗೆ ಕಬ್ಬಿಣದ ಇಲ್ಲವೆ ಹಿತ್ತಾಳೆಯ ಪಟ್ಟಿ ಹೊಡೆದು, ಬಡಿಗನು ಅದನ್ನು ಮದುವೆಗೆ ಮುಂಚೆ ಸಿದ್ಧಪಡಿಸುತ್ತಿದ್ದನು. ಒಳಗೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ತಾಯಿ ಹೊಲಿದ ಕೌದಿ, ಬೋರಮಾಳ, ಬುಗುಡಿ. ಅರಿವೆಗಳ ನಡುವೆ ಒಣಗಿದ ಬೇವಿನೆಲೆ. ಒಂದು ಮಗ್ಗುಲಿಗೆ ಪುಟ್ಟ ಗೂಡು. ಅದರಲ್ಲಿ ಏನಿದೆಯೆಂಬುದು ಅವಳೊಬ್ಬಳಿಗೇ ಗೊತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವ ಮೊದಲು, ಅನಂತರ ಕರ್ನಾಟಕದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಕೊಡುವ ಮೊದಲು, ಹೊಲದಲ್ಲಿಯೂ ಮನೆಯಲ್ಲಿಯೂ ಅವಳದೆಂದು ಹೇಳಿಕೊಳ್ಳುವಂಥದು ಬಹಳ ಕಡಿಮೆ. ಸ್ತ್ರೀಧನವೆಂಬ ಶಾಸ್ತ್ರದ ಮಾತಿಗೆ ಕಣ್ಣಿಗೆ ಕಾಣುವ ರೂಪವೆಂದರೆ ಈ ಪೆಟ್ಟಿಗೆ. ಹತ್ತಾರು ಜನರ ಕೂಡುಕುಟುಂಬದಲ್ಲಿ, ಅತ್ತೆ ನಾದಿನಿಯರ ನಡುವೆ, ಅವಳದೇ ಆದ ಜಾಗ ಎರಡು ಮೊಳ ಉದ್ದದ್ದು. ಅದರ ಕೀಲಿಕೈ ಅವಳ ಸೆರಗಿನ ಗಂಟಿನಲ್ಲಿ. ಬರಗಾಲದಲ್ಲಿ ಬೀಜದ ಕಾಳಿಗೆ, ಮಗನ ಫೀಜಿಗೆ, ಗಂಡನ ಔಷಧಿಗೆ ಆ ಗಂಟು ಬಿಚ್ಚಿದುದೆಷ್ಟು ಸಲವೋ, ಯಾವ ಖಾತೆಯಲ್ಲಿಯೂ ಬರೆದಿಲ್ಲ.

ಗ್ರಂಥದ ಗಂಟು

ಕೆಲವು ಮನೆಗಳ ಪೆಟ್ಟಿಗೆಯಲ್ಲಿ ಬಂಗಾರಕ್ಕಿಂತ ಬೆಲೆಯುಳ್ಳದ್ದಿತ್ತು. ಜೈನರೂ ವೀರಶೈವರೂ ನೆಲೆಸಿದ ಈ ನಾಡಿನಲ್ಲಿ ತಾಳೆಗರಿಯ ಕಟ್ಟುಗಳನ್ನು ಎರಡು ಹಲಗೆಗಳ ನಡುವೆ ಬಿಗಿದು, ಅರಿವೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲೋ ಪೆಟ್ಟಿಗೆಯ ತಳದಲ್ಲೋ ಇಡುತ್ತಿದ್ದರು. ಓದಲು ಬಾರದ ಪೀಳಿಗೆಯವರೂ ಪೂಜೆ ತಪ್ಪಿಸಲಿಲ್ಲ. ವಿಜಾಪುರದ ಫ. ಗು. ಹಳಕಟ್ಟಿಯವರು (1880–1964) ಇಂಥ ಗಂಟುಗಳನ್ನು ಅರಸಿ ಊರೂರು ತಿರುಗಿದ್ದರಿಂದಲೇ ವಚನ ಸಾಹಿತ್ಯ ಅಚ್ಚಿನ ಬೆಳಕು ಕಂಡಿತು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಪ್ರಾಕೃತ ಗ್ರಂಥಗಳ ಸಂಪಾದನೆಯಿಂದ ವಿದ್ವಲ್ಲೋಕದಲ್ಲಿ ಹೆಸರಾದುದೂ ಹೀಗೆ ಉಳಿದುಬಂದ ಹಸ್ತಪ್ರತಿಗಳ ಬಲದಿಂದ. ತೂಕಕ್ಕೆ ಹೋಗುವ ಪೆಟ್ಟಿಗೆಯ ತಳವನ್ನು ಒಮ್ಮೆ ತಡವಿ ನೋಡಬೇಕಾದುದು ಏಕೆಂಬುದು ಇದರಿಂದ ಸ್ಪಷ್ಟ.

ಉಕ್ಕು ಬಂತು, ಹೊಳೆ ಬಂತು

ಗೋದ್ರೇಜ್ ಕಂಪನಿ 1923ರಲ್ಲಿ ಉಕ್ಕಿನ ಕಪಾಟು ಮಾಡತೊಡಗಿತು. ಕ್ರಮೇಣ ವರದಕ್ಷಿಣೆಯ ಯಾದಿಯಲ್ಲಿ ಮರದ ಪೆಟ್ಟಿಗೆಯ ಸ್ಥಾನವನ್ನು ತಗಡಿನ ಟ್ರಂಕೂ, ಟ್ರಂಕಿನ ಸ್ಥಾನವನ್ನು ಕನ್ನಡಿಯುಳ್ಳ ಉಕ್ಕಿನ ಕಪಾಟೂ ಆಕ್ರಮಿಸಿದವು. ಇಟ್ಟಿಗೆ ಸಿಮೆಂಟಿನ ತೆಳು ಗೋಡೆಯಲ್ಲಿ ಮಾಡಕ್ಕೆ ಎಡೆಯಿಲ್ಲ. ಇದು ಕಾಲಧರ್ಮ, ಇದಕ್ಕಾಗಿ ಯಾರನ್ನೂ ದೂರಲಾಗದು.

ಹೊಳೆಯ ಹೊಡೆತ ಹಾಗಲ್ಲ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆಯೂ ಉಪನದಿಗಳೂ ದಂಡೆಯ ಹಳ್ಳಿಗಳಿಗೆ ನುಗ್ಗಿದವು. ಜನ ದನಕರು, ಕಾಳಿನ ಚೀಲ, ಟ್ರಂಕುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊರಬಿದ್ದರು. ಗೋಡೆಯ ಕಪಾಟನ್ನು ಹೇರುವುದು ಹೇಗೆ? ನೀರು ಕುಡಿದ ಮಣ್ಣಿನ ಗೋಡೆ ಕುಸಿದಾಗ ದೀಪದ ಮಾಡವೂ ಅದರೊಡನೆ ಮಣ್ಣಾಯಿತು. ಉಳಿದುದು ಎರಡು ಕದ. ಅವೂ ಮರದ ಲೆಕ್ಕದಲ್ಲಿ ಹೋದವು.

ಕೊಡುವ ಮುನ್ನ

ಪುಣೆಯಲ್ಲಿ ದಿನಕರ ಕೇಳಕರರು ತೀರಿಹೋದ ಮಗ ರಾಜನ ಹೆಸರಿನಲ್ಲಿ ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ಮನೆಬಳಕೆಯ ದೀಪ, ಅಡಕೊತ್ತು, ಬಾಗಿಲುಗಳಿಗೆ ರಾಜಮರ್ಯಾದೆ ದೊರೆತಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಳಿಯಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ನಿಪ್ಪಾಣಿಯಿಂದ ಕೊಲ್ಲಾಪುರದ ದಾರಿಯಲ್ಲಿ ಸಿಗುವ ಕಣೇರಿಯ ಸಿದ್ಧಗಿರಿ ಮಠದಲ್ಲಿ ಹಳ್ಳಿಯ ಬದುಕೆಲ್ಲ ಮೂರ್ತಿಗಳಾಗಿ ನಿಂತಿದೆ. ಆದರೆ ಎಲ್ಲ ಮನೆಗಳ ಎಲ್ಲ ಪೆಟ್ಟಿಗೆಗಳನ್ನೂ ಯಾವ ಸಂಗ್ರಹಾಲಯವೂ ಹಿಡಿಸಲಾರದು.

1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಚಾರಿತ್ರಿಕ ಮಹತ್ವದ ವಸ್ತು ನೂರು ವರ್ಷ ದಾಟಿದ್ದರೆ, ಮಹತ್ವದ ಹಸ್ತಪ್ರತಿ 75 ವರ್ಷ ದಾಟಿದ್ದರೆ, ಅದು ಪ್ರಾಚ್ಯವಸ್ತು; ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ವಸ್ತುವಿನ ನೆನಪು ಸಾಗಿಹೋಗುವುದನ್ನು ಮಾತ್ರ ಕಾಯಿದೆ ತಡೆಯಲಾರದು, ಮನೆಯವರೇ ತಡೆಯಬೇಕು. ಕೊಡುವುದು ಅನಿವಾರ್ಯವಾದರೆ ಕೊಡಲಿ. ಅದಕ್ಕೆ ಮೊದಲು ಒಂದು ಚಿತ್ರ ತೆಗೆದಿಡಲಿ; ತಳದಲ್ಲಿ ಗರಿಯ ಕಟ್ಟು ಸಿಕ್ಕರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆಗೆ ತಲುಪಿಸಲಿ. ಎಲ್ಲಕ್ಕೂ ಮೊದಲು, ವ್ಯಾಪಾರಿ ಕೇಳದ ಆ ಒಂದು ಪ್ರಶ್ನೆಯನ್ನು ಮೊಮ್ಮಕ್ಕಳಾದರೂ ಪಡಸಾಲೆಯಲ್ಲಿ ಕುಳಿತ ಮುದುಕಿಗೆ ಕೇಳಲಿ: “ಆಯೀ, ಇದರಾಗ ಏನ ಇಡತಿದ್ದಿ?”