ಹಾಲು ಒಗ್ಗದವರಿಗೆ ಮೊಸರು, ರಾಗಿ

ರಾಗಿ ಕ್ಷೇತ್ರೋತ್ಸವಕ್ಕೆ ಹೋಗಿದ್ದಾಗ ರೈತರೊಬ್ಬರ ಮನೆಯಲ್ಲಿ ಊಟ. ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸುಗಳು. ಡೇರಿಗೆ ಹಾಕಿ ಉಳಿದ ಹಾಲನ್ನು ಬಸುರಿ ಸೊಸೆಗೆ ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಕೊಡುತ್ತಿದ್ದರು. ಕುಡಿದ ಒಂದೆರಡು ಗಂಟೆಯಲ್ಲಿ ಆಕೆಗೆ ಹೊಟ್ಟೆಯುಬ್ಬರ, ಗುಡುಗುಡು, ಭೇದಿ. ಕೊನೆಗೆ ಹಾಲನ್ನು ಕಾಣದಂತೆ ಚೆಲ್ಲತೊಡಗಿದ್ದಳು. “ಹಾಲೆಂದರೆ ಇವಳಿಗೆ ಸೊಕ್ಕು ಸ್ವಾಮಿ, ನೀವಾದರೂ ಬುದ್ಧಿ ಹೇಳಿ” ಎಂದರು ಅತ್ತೆ.

ಅದು ಸೊಕ್ಕಲ್ಲ. ನಾನು ವೈದ್ಯನಲ್ಲ, ಬೇಸಾಯ ಶಾಸ್ತ್ರದವನು. ಆದರೆ ನನಗೂ ಹಾಲು ಒಗ್ಗದ ಕಾರಣ ಈ ಸಂಗತಿ ಹೊಸದಲ್ಲ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಇದನ್ನು ಒಡೆದು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣಕರುಳಿನಲ್ಲಿ ಉತ್ಪತ್ತಿಯಾಗುತ್ತದೆ. ಜಗತ್ತಿನ ಬಹುಪಾಲು ಜನರಲ್ಲಿ ಬಾಲ್ಯ ಕಳೆದಂತೆ ಈ ಕಿಣ್ವ ಕಡಿಮೆಯಾಗುತ್ತದೆ. ಅರಗದ ಸಕ್ಕರೆ ನೀರನ್ನು ಸೆಳೆದುಕೊಂಡು ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿದಾಗ ವಾಯು ಹುಟ್ಟುತ್ತದೆ. ಹಾಲನ್ನು ಎಷ್ಟು ಕಾಯಿಸಿದರೂ ಈ ಸಕ್ಕರೆ ಹೋಗದು. ನಾಟಿ ಹಸುವಿನ ಹಾಲಾದರೆ ತೊಂದರೆಯಿಲ್ಲವೆಂದು ಹೆಚ್ಚು ಬೆಲೆ ತೆರುವವರಿದ್ದಾರೆ. ಹಸು, ಎಮ್ಮೆ, ಆಡು ಯಾವುದರ ಹಾಲಾದರೂ ಲ್ಯಾಕ್ಟೋಸ್ ನೂರಕ್ಕೆ ಸುಮಾರು 4ರಿಂದ 5ರಷ್ಟು ಇದ್ದೇ ಇರುತ್ತದೆ.

ಹಾಗೆಂದು ಹಾಲನ್ನು ಪೂರ್ತಿ ಬಿಡಬೇಕಾಗಿಲ್ಲ. ಅರ್ಧ ಲೋಟ ಹಾಲನ್ನು ಊಟದೊಡನೆ ಕುಡಿದರೆ ಅನೇಕರಿಗೆ ತೊಂದರೆಯಾಗುವುದಿಲ್ಲ. ಮೊಸರು ಇನ್ನೂ ಒಳ್ಳೆಯದು. ಹೆಪ್ಪಿನ ಸೂಕ್ಷ್ಮಜೀವಿಗಳು ಸಕ್ಕರೆಯ ಒಂದು ಪಾಲನ್ನು ಮೊದಲೇ ಹುಳಿಯಾಗಿಸಿರುತ್ತವೆ, ಉಳಿದದ್ದು ಅರಗಲೂ ನೆರವಾಗುತ್ತವೆ. ನೀರು ಬೆರೆತ ಮಜ್ಜಿಗೆ ಮತ್ತಷ್ಟು ಹಗುರ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು. ಆದರೆ ಖೋವಾ, ಪೇಡದಂಥವುಗಳಲ್ಲಿ ಅದು ಗಟ್ಟಿಯಾಗಿ ಸೇರಿರುತ್ತದೆ; ಹಬ್ಬದ ಮರುದಿನ ಇದು ಗೊತ್ತಾಗುತ್ತದೆ!

ಇನ್ನು ಸುಣ್ಣಾಂಶದ ಮಾತು. ಹಾಲು ಬಿಟ್ಟು ಅದರ ಬದಲಿಗೆ ಏನನ್ನೂ ತಿನ್ನದಿರುವುದೇ ನಿಜವಾದ ಅಪಾಯ, ಬಸುರಿಯರಿಗಂತೂ ಹೆಚ್ಚು. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣಾಂಶವಿದ್ದರೆ, ಅಷ್ಟೇ ತೂಕದ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಇದೆ. ರಾಗಿಯಲ್ಲಿರುವ ಫೈಟೇಟ್ ಇದರ ಒಂದು ಭಾಗವನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುತ್ತದೆ ಎಂಬುದೂ ನಿಜ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿದರೆ ಫೈಟೇಟ್ ತಗ್ಗುತ್ತದೆ. ಆ ಹಿಟ್ಟಿನ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯಬಹುದು. ಎಳ್ಳಿನ ಚಟ್ನಿ, ಹುರುಳಿ, ಬೇಲಿಯ ನುಗ್ಗೆಸೊಪ್ಪು ಜೊತೆಗಿರಲಿ. ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಸುಣ್ಣಾಂಶದ ಮಾತ್ರೆಗಳನ್ನು ತಪ್ಪಿಸಬಾರದು. ಆ ಅತ್ತೆಗೂ ಇಷ್ಟನ್ನೇ ಹೇಳಿ, ಬೆಳಗಿನ ಹಾಲಿಗೆ ಹೆಪ್ಪು ಹಾಕಲು ತಿಳಿಸಿದೆ.

ಅನುಮಾನವಿದ್ದವರು ಎರಡು ವಾರ ಹಾಲು ನಿಲ್ಲಿಸಿ, ಮತ್ತೆ ಕುಡಿದು ನೋಡಬಹುದು. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಕಂಡುಬಂದರೆ ಕಾರಣ ಬೇರೆಯಿರುತ್ತದೆ, ವೈದ್ಯರಲ್ಲಿಗೆ ಹೋಗಬೇಕು. ಹಾಲು ಕುಡಿದೊಡನೆ ಮೈಮೇಲೆ ದದ್ದು, ಮುಖದ ಬಾವು, ಉಬ್ಬಸ ಕಾಣಿಸಿದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿಯಾಗಿರಬಹುದು. ಅಂಥವರಿಗೆ ಮೊಸರೂ ಸಲ್ಲದು. ಎಳೆಗೂಸಿಗೆ ಭೇದಿಯಾದರೆ ತಾಯಿಯ ಹಾಲನ್ನು ಮಾತ್ರ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು.