ಮಹಡಿಯ ಕೋಣೆಯ ಹಾಡು

ಹತ್ತಿ ಸೀಸನ್ನಿನಲ್ಲಿ ಆದೋನಿಯ ವರ್ತಕರಿಗೆ ಹಾಡು ಕೇಳಲು ಪುರುಸೊತ್ತು ಎಲ್ಲಿ? ಬೆಳಿಗ್ಗೆ ಮಾರ್ಕೆಟ್ ಯಾರ್ಡು, ಮಧ್ಯಾಹ್ನ ಅಂಗಡಿ, ರಾತ್ರಿ ಲೆಕ್ಕದ ಪುಸ್ತಕ. ಆದರೂ ಕಳೆದ ಸೀಸನ್ನಿನಲ್ಲಿ ಒಂದೇ ಹಾಡನ್ನು ನಾವು ಹದಿನೈದು ರಾತ್ರಿ ಕೇಳಬೇಕಾಯಿತು. ಮಹಡಿಯ ಕೋಣೆಯಲ್ಲಿ ನಮ್ಮ ಕಿರಿಯ ಮಗ ಮೊಬೈಲಿನಲ್ಲಿ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದ. ಹೊತ್ತು ಮುಳುಗುವ ಮೊದಲೇ ಎಲ್ಲರೂ ಊಟ ಮುಗಿಸುವ ಮನೆ ನಮ್ಮದು. ಅವನ ತಟ್ಟೆ ಮಾತ್ರ ಬಡಿಸಿದ ಹಾಗೇ ಇರುತ್ತಿತ್ತು.

ಕಾರಣ ನಮಗೆ ಗೊತ್ತಿತ್ತು. ನಿಶ್ಚಯವಾಗಿದ್ದ ಸಂಬಂಧ ಮುರಿದಿತ್ತು. ತಪ್ಪು ಯಾರದೆಂಬ ಮಾತು ಇಲ್ಲಿ ಬೇಡ. ಆರು ತಿಂಗಳು ಹುಡುಗ ಹುಡುಗಿ ದಿನವೂ ಫೋನಿನಲ್ಲಿ ಮಾತಾಡಿಕೊಂಡಿದ್ದರು. ಹಿರಿಯರಾದ ನಾವು ಪಟ್ಟಿ ಹಿಡಿದು, ಕೊಡುವುದನ್ನು ಕೊಟ್ಟು, ತರುವುದನ್ನು ತಂದು ಕೈ ತೊಳೆದುಕೊಂಡೆವು. ಅಲ್ಲಿಗೆ ಮುಗಿಯಿತೆಂದು ನಮ್ಮ ಎಣಿಕೆ.

ಒಂದು ರಾತ್ರಿ ಸಹನೆ ತಪ್ಪಿ ಮೇಲೆ ಹೋದೆವು. "ಒಂದು ಸೌದಾ ಮುರಿದರೆ ಯಾರಾದರೂ ಅಂಗಡಿ ಮುಚ್ಚುತ್ತಾರೇನೋ? ಆ ಅಳುಬುರುಕ ಹಾಡು ನಿಲ್ಲಿಸು" ಎಂದು ಗದರಿದೆವು. "ಒಂದು ಸಲ ಪೂರ್ತಿ ಕೇಳಿಬಿಡಿ ಅಪ್ಪಾ, ಆಮೇಲೆ ನಿಲ್ಲಿಸುತ್ತೇನೆ" ಎಂದ. ಮಂಚದ ತುದಿಯಲ್ಲಿ ಕುಳಿತೆವು.

ಹಾಡಿನ ಹೆಸರು 'ಹುಸ್ನ್', ಅಂದರೆ ಸೌಂದರ್ಯ. 2023ರಲ್ಲಿ ಬಂದದ್ದು. ಬರೆದು ಹಾಡಿದವರು ಪಂಜಾಬಿನ ಲೂಧಿಯಾನದ ಅನುವ್ ಜೈನ್. ಹೆಸರು ಕೇಳಿ ನಾವು ಅರ್ಧ ಮೆತ್ತಗಾದೆವೆಂದು ಒಪ್ಪಿಕೊಳ್ಳುತ್ತೇವೆ. ಇಂಥವಕ್ಕೆ 'ಇಂಡೀ' ಹಾಡು ಎನ್ನುತ್ತಾರಂತೆ. ಸಿನಿಮಾದ ಆಸರೆಯಿಲ್ಲದೆ ಗಾಯಕ ತಾನೇ ಹಾಡು ಕಟ್ಟಿ ಕೇಳುಗರಿಗೆ ಮುಟ್ಟಿಸುವುದು. ದಲ್ಲಾಳಿ ಇಲ್ಲದ ಮಾಲು ಎನ್ನಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ತಮ್ಮ ಮೊದಲ ಆಲ್ಬಂನಲ್ಲಿ ಶರೀಫರ ಪದವನ್ನು ಹಾಡಿದ್ದೂ ಇದೇ ದಾರಿಯಲ್ಲಿ.

ಹಾಡಿನಲ್ಲಿ ಅಬ್ಬರವಿರಲಿಲ್ಲ. ಗಿಟಾರಿನ ಜೊತೆ ಒಬ್ಬ ಹುಡುಗ ತನ್ನ ಪಾಡು ಹೇಳಿಕೊಂಡಂತಿತ್ತು. ಕೇಳುತ್ತ ನಮಗೆ ಹಳೆಯ ರೇಡಿಯೋ ನೆನಪಾಯಿತು. ಮೆಟ್ರಿಕ್ ಓದುವ ಕಾಲಕ್ಕೆ ಪಿ.ಬಿ. ಶ್ರೀನಿವಾಸರ ನೋವಿನ ಹಾಡು ಬಂದರೆ ನಾವೂ ಪುಸ್ತಕ ಮಡಿಚಿಡುತ್ತಿದ್ದೆವು. ಅವರು ಹುಟ್ಟಿದ್ದು ಕಾಕಿನಾಡದಲ್ಲಿ, ಕನ್ನಡಿಗರ ಎದೆಗೆ ಹತ್ತಿರವಾದದ್ದು ಅವರ ದನಿ. ಆಗ ನಮ್ಮ ತಂದೆಯವರು ಬಂದು ರೇಡಿಯೋದ ಕಿವಿ ಹಿಂಡುತ್ತಿದ್ದರು. ಈಗ ನಾವು ಮಾಡಹೊರಟದ್ದೂ ಅದನ್ನೇ.

ಹಾಡು ಮುಗಿದ ಮೇಲೆ ಮಗ ಹೇಳಿದ: "ವಾಪಸು ಬಂದ ಸಾಮಾನಿಗೆಲ್ಲ ಪಟ್ಟಿ ಮಾಡಿದಿರಿ ಅಪ್ಪಾ. ನನ್ನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ." ನಮ್ಮಲ್ಲಿ ಉತ್ತರವಿರಲಿಲ್ಲ.

ಪಂಪನ ಆದಿಪುರಾಣ 941ರಷ್ಟು ಹಳೆಯದು. ಅಲ್ಲಿ ಶ್ರೀಮತಿಗೆ ಹಿಂದಿನ ಜನ್ಮದ ಲಲಿತಾಂಗನ ನೆನಪು ಬಂದು ಮೂರ್ಛೆ ಹೋಗುತ್ತಾಳೆ. ತಂದೆ ವಜ್ರದಂತ ಚಕ್ರವರ್ತಿ. ರಾಜ್ಯದ ಕೆಲಸ ಅವನಿಗೇನು ಕಡಿಮೆಯೇ? ಆದರೂ ಮಗಳ ಬಳಿ ಕುಳಿತು ಸಂತೈಸಿ, ಪೂರ್ವಭವದ ಕಥೆಗಳನ್ನು ಹೇಳುತ್ತಾನೆ. ನಾವೋ, ಬೇಲುಗಳ ಲೆಕ್ಕದಲ್ಲಿದ್ದೆವು.

ಹಾಡಿನಲ್ಲಿ ನಮಗೊಂದು ಕೊರತೆಯೂ ಕಂಡಿತು. ನೋವು ಇದೆ, ನೋವಿನಿಂದ ಎದ್ದುಬರುವ ದಾರಿ ಇಲ್ಲ. ನಮ್ಮ ರಾಜೀಮತಿಯನ್ನು ನೆನೆಯಿರಿ. ಮದುವೆಯ ಔತಣಕ್ಕೆ ಕೂಡಿಹಾಕಿದ ಪ್ರಾಣಿಗಳ ಆಕ್ರಂದನ ಕೇಳಿ ನೇಮಿಕುಮಾರ ರಥ ತಿರುಗಿಸಿ ಗಿರನಾರಿಗೆ ಹೋದ. ಸಿಂಗರಿಸಿಕೊಂಡು ಕಾದಿದ್ದ ಆ ಮದುಮಗಳು ಅತ್ತಳು. ಗುಜರಾತ್, ರಾಜಸ್ಥಾನಗಳ ನೇಮ್-ರಾಜುಲ್ ಬಾರಾಮಾಸಾ ಪದಗಳಲ್ಲಿ ತಿಂಗಳು ತಿಂಗಳೂ ಅಳುತ್ತಾಳೆ. ಅಳಬೇಡವೆಂದು ಪರಂಪರೆ ಅವಳ ಬಾಯಿ ಮುಚ್ಚಿಸಲಿಲ್ಲ. ಅತ್ತು ಮುಗಿದ ಮೇಲೆ ಅವಳು ತಾನೇ ದೀಕ್ಷೆಯ ದಾರಿ ಹಿಡಿದಳು. ಅಳುವೂ ನಿಜ, ಏಳುವುದೂ ನಿಜ.

ಮರು ಭಾನುವಾರ ಅಪ್ಪ ಮಗ ಇಬ್ಬರೇ ಪೆದ್ದತುಂಬಳದ ಪಾರ್ಶ್ವನಾಥ ಮಂದಿರಕ್ಕೆ ಹೋಗಿಬಂದೆವು. ದಾರಿಯುದ್ದಕ್ಕೂ ಅವನು ಮಾತಾಡಿದ, ನಾವು ಕೇಳಿದೆವು. ಬುದ್ಧಿವಾದ ಬಾಯಿಗೆ ಬಂದಾಗಲೆಲ್ಲ ನುಂಗಿಕೊಂಡೆವು. ಇದು ಉಪವಾಸಕ್ಕಿಂತ ಕಷ್ಟ. ಅಂದು ಸಂಜೆ ಅವನು ಎರಡು ರೊಟ್ಟಿ ತಿಂದ.

ಈಗ ಯಾರ್ಡಿಗೆ ಬರುತ್ತಾನೆ. ಹೊಸ ಸಂಬಂಧದ ಮಾತನ್ನು ನಾವಿನ್ನೂ ಎತ್ತಿಲ್ಲ. ಆ ಹಾಡು ಅಪರೂಪಕ್ಕೆ ಮಹಡಿಯಿಂದ ಕೇಳಿಬರುತ್ತದೆ. ನಿಲ್ಲಿಸು ಎನ್ನುವುದಿಲ್ಲ.

ತಂದೆತಾಯಂದಿರಲ್ಲಿ ನಮ್ಮದೊಂದೇ ವಿನಂತಿ. ನಿಮ್ಮ ಮನೆಯ ಕೋಣೆಯಲ್ಲೂ ಒಂದೇ ಹಾಡು ಬಹಳ ದಿನ ಕೇಳಿಬಂದರೆ ಗದರಬೇಡಿ. ಬಾಗಿಲು ತಟ್ಟಿ, ಒಳಗೆ ಹೋಗಿ ಕುಳಿತುಕೊಳ್ಳಿ.